ಬಾಯಿ ಮುಚ್ಚಿ ಬಡಿದ ರೊಟ್ಟಿ

ಹೆಂಡತಿಗೆ ಬುದ್ಧಿ ಹೇಳಲು ಹೋಗಬಾರದು ಎಂಬುದು ಮದುವೆಯಾದ ಮೊದಲ ವಾರದಲ್ಲೇ ನನಗೆ ಮನವರಿಕೆಯಾಗಿತ್ತು. ಇಪ್ಪತ್ತೆರಡು ವರ್ಷ ಜೋಪಾನವಾಗಿ ಪಾಲಿಸಿಕೊಂಡು ಬಂದ ಈ ವ್ರತ ಕಳೆದ ಭಾನುವಾರ ಮುರಿದುಬಿತ್ತು. ಅದಕ್ಕೆ ಕಾರಣ ಒಂದು ಪ್ರಶಸ್ತಿ ಪತ್ರ.

ನಾನು ಸೋಮಶೇಖರ, ಗೋಕಾಕದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಶನಿವಾರ ನಮ್ಮನ್ನೆಲ್ಲ ಘಟಪ್ರಭೆಗೆ ಕರೆದೊಯ್ದು ಒಂದು ದಿನದ ತರಬೇತಿ ಕೊಡಿಸಿದರು. ವಿಷಯ, ‘ಹೆಚ್ಚು ದಣಿಯದೆ ಹೆಚ್ಚು ಸಾಧನೆ, ಹೆಚ್ಚು ಸಂತೃಪ್ತಿ’. (ದಣಿಯದಿರುವ ಭಾಗದಲ್ಲಿ ನಾನು ಮೊದಲಿನಿಂದಲೂ ನಿಷ್ಣಾತ, ಉಳಿದೆರಡೇ ಬಾಕಿ.) ಸಂಜೆ ‘ಅತ್ಯಂತ ಏಕಾಗ್ರಚಿತ್ತ ಶಿಬಿರಾರ್ಥಿ’ ಎಂಬ ಪತ್ರವನ್ನು ನನಗೇ ಕೊಟ್ಟರು. ಅದರ ಜೊತೆಗೆ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಮಹಾಸೂತ್ರವೂ ಇತ್ತು: ‘ಮಾತು ನಿಲ್ಲಿಸಿ, ಕೆಲಸ ಎರಡು ಪಟ್ಟು ಆಗುತ್ತದೆ.’

ಈ ಸೂತ್ರವನ್ನು ಆಫೀಸಿನಲ್ಲಿ ಪ್ರಯೋಗಿಸುವಂತಿರಲಿಲ್ಲ. ಅಲ್ಲಿ ಮಾತು ನಿಲ್ಲಿಸಿದರೆ ಮತ್ತೇನೂ ಉಳಿಯುವುದಿಲ್ಲ. ಆದರೆ ನಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಪುಟ್ಟ ಕಾರ್ಖಾನೆಯೇ ಇದೆ. ನನ್ನ ಹೆಂಡತಿ ಭಾಗ್ಯಾ ಪಕ್ಕದ ಮನೆಯ ಮಾಯವ್ವನನ್ನೂ ಎದುರು ಮನೆಯ ಸೊಸೆ ನಂದಾಳನ್ನೂ ಕೂಡಿಸಿಕೊಂಡು ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಭಾಗ್ಯಾ ಮತ್ತು ನಂದಾ ಬಡಿಯುವವರು, ಮಾಯವ್ವ ಎರಡು ಹಂಚು ಇಟ್ಟುಕೊಂಡು ಬೇಯಿಸುವವಳು.

ಆ ಭಾನುವಾರ ಸಾಮಾನ್ಯ ದಿನವಾಗಿರಲಿಲ್ಲ. ಹತ್ತರಗಿಯಲ್ಲಿ ಹೆದ್ದಾರಿಯ ಬದಿ ಖಾನಾವಳಿ ನಡೆಸುವ ಮುರಿಗೆಪ್ಪ ಕಾಕಾ ಮೊದಲ ಸಲ ಐನೂರು ರೊಟ್ಟಿ ಹೇಳಿದ್ದರು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಅವರ ಟೆಂಪೋ ಬರುತ್ತದೆ. ಎಣಿಕೆ ಸರಿಯಿದ್ದು ರೊಟ್ಟಿ ಮನಸ್ಸಿಗೆ ಬಂದರೆ ಖಾಯಂ ಆರ್ಡರು, ಇಲ್ಲದಿದ್ದರೆ ಅದು ಯಮಕನಮರಡಿಯ ಇನ್ನೊಂದು ಗುಂಪಿನ ಪಾಲು. ಭಾಗ್ಯಾ ಈ ಆರ್ಡರಿಗಾಗಿ ನಾಲ್ಕು ಸಲ ಹತ್ತರಗಿಗೆ ಬಸ್ಸಿನಲ್ಲಿ ಓಡಾಡಿದ್ದಳು.

ಬೆಳಿಗ್ಗೆ ಎಂಟಕ್ಕೆ ನಾನು ಕುರ್ಚಿ ಹಾಕಿಕೊಂಡು, ಮೊಬೈಲಿನಲ್ಲಿ ಗಡಿಯಾರ ತೆರೆದಿಟ್ಟುಕೊಂಡು ಶೆಡ್ಡಿನಲ್ಲಿ ಪ್ರತಿಷ್ಠಾಪಿತನಾದೆ.

“ಇವತ್ತಿಂದ ಇಲ್ಲಿ ಮೌನ,” ಎಂದೆ. “ಯಾರೂ ಮಾತಾಡೂದಿಲ್ಲ. ಕೆಲಸ ತಾನ ಎರಡು ಪಟ್ಟು ಆಗ್ತೇತಿ.”

“ಯಾರ ಹೇಳಿದ್ರು?” ಎಂದಳು ಭಾಗ್ಯಾ.

“ದೊಡ್ಡ ದೊಡ್ಡ ಕಂಪನಿಗೆ ಹೇಳಿಕೊಡು ಸಾಹೇಬ್ರು ಹೇಳ್ಯಾರ. ನನಗ ಸರ್ಟಿಫಿಕೇಟ ಕೊಟ್ಟಾರ.”

“ತಮ್ಮಾ, ಬಾಯಿ ಮುಚ್ಚಿಕೊಂಡು ರೊಟ್ಟಿ ಹೆಂಗ ಮಾಡೂದು?” ಎಂದು ಮಾಯವ್ವ ನಿಜವಾಗಿಯೂ ತಿಳಿಯದೆ ಕೇಳಿದಳು.

“ಕೈಲೆ,” ಎಂದೆ.

ಪ್ರಶಸ್ತಿ ಪತ್ರದ ಮರ್ಯಾದೆಗಾಗಿ ಮೂವರೂ ಒಪ್ಪಿದರು. ಮೌನ ಆರಂಭವಾಯಿತು. ಹತ್ತು ನಿಮಿಷ ಎಲ್ಲ ಚೆನ್ನಾಗಿತ್ತು. ಆಮೇಲೆ ಮಾತಿರುವಾಗ ಯಾರಿಗೂ ನೆನಪಾಗದ ಸೊಂಟ, ಭುಜ, ಮೊಣಕಾಲುಗಳು ಒಂದೊಂದಾಗಿ ನೆನಪಾಗತೊಡಗಿದವು. ನಂದಾ ಪ್ರತಿ ರೊಟ್ಟಿಯನ್ನೂ ದಿಟ್ಟಿಸಿ ನೋಡತೊಡಗಿದಳು, ನೋಡಿದಷ್ಟೂ ಅಂಚು ಸೀಳಿತು. ಮಾಯವ್ವ ಹಂಚಿನ ಮುಂದೆ ಕುಳಿತಲ್ಲೇ ತೂಕಡಿಸಿ ಎರಡು ರೊಟ್ಟಿ ಸುಟ್ಟಳು. ಹತ್ತು ಗಂಟೆಗೆ ಎಣಿಸಿದರೆ ಅರವತ್ತು. ಮಾಮೂಲಿ ದಿನ ತಾಸಿಗೆ ತೊಂಬತ್ತು ಮಾಡುವವರು ಎರಡು ತಾಸಿಗೆ ಅರವತ್ತು.

“ಇದು ಎರಡು ಪಟ್ಟೇನ್ರಿ?” ಎಂದು ಭಾಗ್ಯಾ ಮೆಲ್ಲಗೆ ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಒಲೆಯ ಹೊಗೆಯಿಂದ ಇರಬೇಕು ಎಂದುಕೊಳ್ಳಲು ನೋಡಿದೆ, ಆಗಲಿಲ್ಲ. ಮುಖ ತೊಳೆಯುವ ನೆಪದಲ್ಲಿ ಎದ್ದು ಬಚ್ಚಲಿಗೆ ಹೋದೆ.

ಬಚ್ಚಲಿನಲ್ಲಿ ನಿಂತವನಿಗೆ ಶೆಡ್ಡಿನಿಂದ ಸದ್ದು ಕೇಳಿಸಿತು. ಪಟ ಪಟ ಪಟ ಪಟ, ಬಿಡುವೇ ಇಲ್ಲ. ಬಾಗಿಲ ಸಂದಿಯಿಂದ ಇಣುಕಿದೆ.

ನಾನು ಇಪ್ಪತ್ತೆರಡು ವರ್ಷ ಆ ರೊಟ್ಟಿ ತಿಂದಿದ್ದೇನೆ, ಅದು ಹುಟ್ಟುವುದನ್ನು ನೋಡಿರಲಿಲ್ಲ. ಭಾಗ್ಯಾಳ ಕಣ್ಣು ನಂದಾಳ ಮುಖದ ಮೇಲಿತ್ತು, ಬಾಯಿ ಯಾವುದೋ ಕಥೆಯ ನಡುವಿನಲ್ಲಿತ್ತು. ಕೈ ಮಾತ್ರ ತನ್ನಷ್ಟಕ್ಕೆ ತಾನು ಹಿಟ್ಟಿನ ಉಂಡೆಯನ್ನು ತಟ್ಟುತ್ತ ತಿರುಗಿಸುತ್ತ ಹೋಗಿ, ಮೂರನೆಯ ವಾಕ್ಯ ಮುಗಿಯುವಷ್ಟರಲ್ಲಿ ಚಂದ್ರನಷ್ಟು ದುಂಡಗಿನ, ಕಾಗದದಷ್ಟು ತೆಳ್ಳಗಿನ ರೊಟ್ಟಿಯನ್ನು ಎತ್ತಿ ಮಾಯವ್ವನ ಹಂಚಿನ ಮೇಲೆ ಹಾಸಿತ್ತು. ಮಾಯವ್ವ ನಗುತ್ತಲೇ ಅದರ ಮೇಲೆ ಒದ್ದೆ ಬಟ್ಟೆ ಆಡಿಸಿದಳು. ಯಾರೂ ರೊಟ್ಟಿಯ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಮೈ ಜುಮ್ಮೆಂದಿತು. ಇಂಥ ಕುಶಲತೆಗೆ ನಾನು ಕುರ್ಚಿ ಹಾಕಿಕೊಂಡು ಪಾಠ ಹೇಳಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಆಮೇಲೆ ಕಥೆ ಯಾರದೆಂದು ಕಿವಿಗೆ ಬಿತ್ತು.

“ಇವರು ಕನ್ಯಾ ನೋಡಾಕ ಮೂಡಲಗಿಗೆ ಬಂದಾಗ,” ಎನ್ನುತ್ತಿದ್ದಳು ಭಾಗ್ಯಾ, “ಹಿರ್ಯಾರು ಹಿಂದ ನಡಕೋಂತ ಬರಾಕತ್ತಿದ್ರು. ಇವರು ಅವಸರ ಮಾಡಿ ಮುಂದ ಬಂದು ನಮ್ಮ ಎದುರಿನ ಮನಿಗೆ ಹೋಗಿ ಕುಂತ್ರು. ಅವರು ಕರೆಂಟ್ ಬಿಲ್ ಬರಿಯಾಂವ ಅಂತ ತಿಳದು ಚುನಮರಿ ಕೊಟ್ರು. ತಿಂದು, ಹುಡುಗೀನ ಕರೀರಿ ಅಂದ್ರಂತ.”

“ಕರದ್ರಾ?” ಎಂದಳು ನಂದಾ.

“ಕರದ್ರು. ಐದು ವರ್ಷದ್ದು. ಸಾಲಿ ಹಾಡು ಅಂದು ಹೋತು. ಇವರು ಚಪ್ಪಾಳಿ ತಟ್ಟಿ, ಇದಕ್ಕಿಂತ ದೊಡ್ಡಾಕಿ ಇಲ್ಲೇನ್ರಿ ಅಂತ ಕೇಳ್ಯಾರ.”

ಆ ಒಂದು ಕಥೆಯಲ್ಲಿ ಒಂಬತ್ತು ರೊಟ್ಟಿ ಆದವು, ನಾನೇ ಎಣಿಸಿದೆ. ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತದೆ? ಅಲ್ಲೇ ನಿಂತು ಸಂಶೋಧನೆ ಕೈಗೊಂಡೆ. ಮಾತು ಟೊಮೆಟೊ ದರಕ್ಕೆ ಹೊರಳಿದರೆ ವೇಗ ಸಾಧಾರಣ. ನಂದಾಳ ಅತ್ತೆಯ ಸುದ್ದಿ ಬಂದರೆ ಉತ್ತಮ. ನನ್ನ ಸುದ್ದಿ ಬಂದರೆ ಅತ್ಯುತ್ತಮ. ಅವರು ಮಾತಾಡಿಕೊಂಡು ಕೆಲಸ ಮಾಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಅವರ ಕೆಲಸ ನಡೆಯುವುದೇ ಮಾತಿನ ಮೇಲೆ ಎಂಬುದು ಈಗ ತಿಳಿಯಿತು.

ಒಳಗೆ ಹೋದೆ. ಮೂವರೂ ಗಪ್ಪಾದರು, ಕೈಗಳೂ ನಿಂತವು.

“ಮಾತಾಡ್ರಿ,” ಎಂದೆ. “ನನ್ನ ಬಗ್ಗೇನ ಮಾತಾಡ್ರಿ.”

“ಇವರಿಗೆ ಬಿಸಲ ಬಡದೈತೇನು ನೋಡ ತಂಗಿ,” ಎಂದಳು ಮಾಯವ್ವ.

“ಇಲ್ಲವ್ವಾ. ಎರಡರೊಳಗ ಇನ್ನೂ ನಾಕುನೂರರ ಮ್ಯಾಲ ಆಗಬೇಕು. ನಾನ ಶುರು ಮಾಡ್ತೇನಿ.”

ಕುರ್ಚಿ ಬಿಟ್ಟು ನೆಲಕ್ಕೆ ಕುಳಿತೆ. ಹಿಂದೊಮ್ಮೆ ರೈಲಿನಲ್ಲಿ ನಿದ್ದೆಗಣ್ಣಲ್ಲಿ ಘಟಪ್ರಭೆಯಲ್ಲಿ ಇಳಿಯದೆ ಮೀರಜಿಗೆ ಹೋಗಿ, ಆಫೀಸಿನ ಸಾಹೇಬರೇ ಕಳಿಸಿದ್ದರೆಂದು ಭಾಗ್ಯಾಳಿಗೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. (ಹದಿನಾಲ್ಕು ರೊಟ್ಟಿ.) ಯಾರದೋ ಮದುವೆಗೆ ಹೋಗಿ ಮುಯ್ಯಿ ಕೊಟ್ಟು, ಉಂಡು, ಫೋಟೊ ತೆಗೆಸಿಕೊಂಡ ಮೇಲೆ ನಮ್ಮವರ ಮದುವೆ ಪಕ್ಕದ ಕಲ್ಯಾಣ ಮಂಟಪದಲ್ಲಿದೆಯೆಂದು ಗೊತ್ತಾದದ್ದನ್ನು ಹೇಳಿದೆ. (ಹನ್ನೊಂದು.) ನಡುನಡುವೆ ಭಾಗ್ಯಾ ನಾನು ಮರೆತಿದ್ದ ವಿವರಗಳನ್ನು ಧಾರಾಳವಾಗಿ ಸೇರಿಸಿದಳು. ರೊಟ್ಟಿಯ ರಾಶಿ ಏರಿತು, ನನ್ನ ಮಾನ ಅದೇ ಪ್ರಮಾಣದಲ್ಲಿ ಇಳಿಯಿತು.

ಒಂದೂವರೆಗೆ ನನ್ನ ದಾಸ್ತಾನು ಮುಗಿಯಿತು. ಇನ್ನೂ ಅರವತ್ತು ರೊಟ್ಟಿ ಬಾಕಿ. ಕೈಗಳು ಸೋತಿದ್ದವು. ಭಾಗ್ಯಾ ಗೇಟಿನ ಕಡೆ ನೋಡಿದಳು. ಆ ನೋಟ ನನ್ನಿಂದ ತಡೆಯಲಾಗಲಿಲ್ಲ.

“ಇನ್ನೊಂದೈತಿ,” ಎಂದೆ. “ನಿನ್ನೆ ತರಬೇತಿಯೊಳಗ ನಾ ಊಟ ಆದಮ್ಯಾಲ ಮಲಗಿಬಿಟ್ಟಿದ್ದೆ.”

ಭಾಗ್ಯಾಳ ಕೈ ಹಿಟ್ಟಿನ ಮೇಲೆ ಬಿತ್ತು. “ಮತ್ತ ಸರ್ಟಿಫಿಕೇಟ?”

“ಮೂರು ತಾಸು ಅಳ್ಳಾಡದ ಕುಂತಾಂವ ನಾ ಒಬ್ಬನ. ಕಣ್ಣ ಮುಚ್ಚಿ ಧ್ಯಾನ ಮಾಡ್ಯಾರ ಅಂತ ತಿಳದ್ರು.”

ಪಟ ಪಟ ಸದ್ದು ಎದ್ದಿತು. “ಮತ್ತ ಮಾತು ನಿಲ್ಲಸ್ರಿ ಅಂದದ್ದು?” ಎಂದು ನಂದಾ ಕೇಳಿದಳು.

“ಅದು ಎಚ್ಚರಾದಾಗ ಕೇಳಿಸ್ತು, ಬರಕೊಂಡೆ. ಸಾಹೇಬ್ರು ಅದನ್ನ ಹೇಳಿದ್ದು ಚಾದ ಕಪ್ಪ ತೊಳ್ಯಾವರಿಗೆ ಅಂತ ಬಸ್ಸಿನ್ಯಾಗ ಗೊತ್ತಾತು.”

ಮಾಯವ್ವ ನಕ್ಕು ನಕ್ಕು ಕೆಮ್ಮಿದಳು, ಆದರೆ ಒಂದು ರೊಟ್ಟಿಯನ್ನೂ ಸುಡಲಿಲ್ಲ. ಭಾಗ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು, ಈ ಸಲ ನಗುವಿಗೆ. ಎರಡಕ್ಕೆ ಟೆಂಪೋ ಬಂದು ನಿಂತಾಗ ಐನೂರಾ ನಾಲ್ಕು ರೊಟ್ಟಿ ಸಿದ್ಧವಿದ್ದವು.

ಟೆಂಪೋದಿಂದ ಇಳಿದ ಮುರಿಗೆಪ್ಪ ಕಾಕಾ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು, ಕಟಕ್ಕೆಂದು ಮುರಿದರು, ಬಾಯಿಗಿಟ್ಟು ಅಗಿದರು. “ಹಪ್ಪಳ ಇದ್ದಂಗ ಅದಾವ ತಂಗಿ. ವಾರಕ್ಕ ಮೂರು ಸಲ ಐನೂರು. ಆಗ್ತೇತೇನ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಯವ್ವನಿಗೆ ಚಿಂತೆಯಾಯಿತು. “ಇದ್ದದ್ದೆಲ್ಲಾ ಇವತ್ತ ತೀರಿಸಿಬಿಟ್ಟೇವಿ. ಮುಂದಿನ ವಾರಕ್ಕ ಏನ್ ಮಾಡೂದು?”

“ಜ್ವಾಳ ಬೇಕಿದ್ರ ನಾ ಕಳಸ್ತೇನಿ,” ಎಂದರು ಕಾಕಾ.

“ಜ್ವಾಳ ಐತ್ರಿ ಕಾಕಾ. ಉಳಿದದ್ದಕ್ಕೂ ಕಡಿಮಿ ಬೀಳೂದಿಲ್ಲ,” ಎಂದ ಭಾಗ್ಯಾ ನನ್ನ ಕಡೆ ತಿರುಗಿ, ಬಹಳ ದಿನಗಳ ಮೇಲೆ ಬಹಳ ಪ್ರೀತಿಯಿಂದ ಹೇಳಿದಳು: “ರೀ, ನೀವೇನೂ ಹೆಚ್ಚಿಗಿ ತ್ರಾಸ ತಗೋಬ್ಯಾಡ್ರಿ. ಈಗ ಹೆಂಗ ಅದೀರಿ ಹಂಗ ಇರ್ರಿ, ಸಾಕು.”