ಸೋರುವ ನಲ್ಲಿಯ ಒಳಾರ್ಥ

ಬೀದಿಯ ತಿರುವಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವರನ್ನು ಎಲ್ಲರೂ ಕನ್ನಡಕದವರು ಅಂತಲೇ ಕರೆಯುತ್ತಿದ್ದರು. ಅವರು ಹಗಲೆಲ್ಲ ಊರವರ ಕಣ್ಣು ನೋಡಿ, ಬಿಡುವಾದಾಗ ತಮ್ಮ ಅಂತರಂಗ ನೋಡಿಕೊಳ್ಳುತ್ತಿದ್ದರು. ಅಲ್ಲಿ ಕಂಡದ್ದನ್ನೆಲ್ಲ 'ಒಳನೋಟ' ಎಂಬ ಬ್ಲಾಗಿನಲ್ಲಿ ಬರೆಯುತ್ತಿದ್ದರು. ಓದುಗರು ಬೆರಳೆಣಿಕೆಯಷ್ಟು (ಅದರಲ್ಲೂ ಲೈಕ್ ಒತ್ತುವ ಹೆಬ್ಬೆರಳು ಅವರದೇ).

ಅವರ ಕೊರಗು ಅದಲ್ಲ. ಬರೆದದ್ದನ್ನು ಟೈಪ್ ಮಾಡಬೇಕು, ತಲೆಬರಹ ಕೊಡಬೇಕು, ಚಿತ್ರ ಹುಡುಕಬೇಕು, ಎಲ್ಲರಿಗೂ ಮೇಲ್ ಕಳಿಸಬೇಕು. ಅಷ್ಟರಲ್ಲಿ ಯಾರೋ ಬಂದು "ಫ್ರೇಮು ಜಾರ್ತಾ ಇದೆ" ಅಂದರೆ, ಮಹಾಚಿಂತನೆಯೂ ಅದರ ಜೊತೆಗೇ ಜಾರಿಹೋಗುತ್ತಿತ್ತು.

ಒಂದು ಭಾನುವಾರ ಅವರಿಗೆ ಮುಕ್ತಿಮಾರ್ಗ ಸಿಕ್ಕಿತು. ಕೋಡಿಂಗ್ ಗೊತ್ತಿಲ್ಲದವರೂ ಒಂದು ಆ್ಯಪನ್ನು ಇನ್ನೊಂದಕ್ಕೆ ಜೋಡಿಸಬಹುದಂತೆ. ಪರದೆಯ ಮೇಲೆ ಪೆಟ್ಟಿಗೆಗಳು, ನಡುವೆ ಗೆರೆ ಎಳೆದರೆ ಆಯಿತು.

"ಇಲ್ಲಿ ನೋಡೇ," ಎಂದು ಹೆಂಡತಿಯನ್ನು ಕೂಗಿದರು. ಆಕೆ ಹೈಸ್ಕೂಲಿನ ಗಣಿತದ ಟೀಚರ್. "ನಾನು ಫೋನಿಗೆ ಮಾತಾಡಿದ್ರೆ ಸಾಕು. ಮಾತು ಅಕ್ಷರ ಆಗತ್ತೆ, ತಲೆಬರಹ ಬರತ್ತೆ, ಚಿತ್ರ ಬರತ್ತೆ, ಬೆಳಿಗ್ಗೆ ತಾನೇ ಪ್ರಕಟ ಆಗತ್ತೆ. ನಾನು ಒಂದು ಕಡ್ಡಿ ಕೂಡ ಎತ್ತಿಡಬೇಕಾಗಿಲ್ಲ!"

"ಇಲ್ಲೀವರೆಗೆ ಯಾವಾಗ ಎತ್ತಿಟ್ಟಿದ್ರಿ?"

"ತಂತ್ರಜ್ಞಾನದ ವಿಷಯ ಮಾತಾಡ್ತಾ ಇದ್ದೀನಿ."

"ನಾನು ಬಚ್ಚಲ ನಲ್ಲಿ ವಿಷಯ ಮಾತಾಡ್ತಾ ಇದ್ದೀನಿ. ಸೋರ್ತಾನೇ ಇದೆ. ಇಷ್ಟೆಲ್ಲ ಜೋಡಿಸೋರು ಅದಕ್ಕೊಂದು ವಾಷರ್ ಜೋಡಿಸಬಾರದಾ?"

"ಅದಕ್ಕೆ ಆ್ಯಪ್ ಬಂದಿಲ್ಲ ಕಣೇ."

ಜೋಡಿಸುವಾಗ ಆ ತಂತ್ರಾಂಶ ಒಂದು ಪ್ರಶ್ನೆ ಕೇಳಿತು: ಯಾವ ಟಿಪ್ಪಣಿಗಳನ್ನು ಪ್ರಕಟಿಸಬೇಕು? ಕನ್ನಡಕದವರು ಉದಾರ ಮನಸ್ಸಿನಿಂದ 'ಎಲ್ಲವೂ' ಎಂದು ಒತ್ತಿದರು. ಗಂಡ ಹೆಂಡತಿ ಇಬ್ಬರ ಫೋನಿಗೂ ಖಾತೆ ಒಂದೇ ಎಂಬುದು (ಮದುವೆಯ ಇನ್ನೂ ಅನೇಕ ಸಂಗತಿಗಳಂತೆ) ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಮರುದಿನ ಸಂಜೆ ಟೀಚರ್ ಹಿಟ್ಟು ಕಲಸುತ್ತಿದ್ದರು. ಪ್ಲಂಬರಿಗೆ ಕಳಿಸಬೇಕಾದ ಸಂದೇಶ ನೆನಪಾಯಿತು. ಕೈ ಹಿಟ್ಟಾಗಿದ್ದರಿಂದ, ಆಮೇಲೆ ಕಳಿಸೋಣವೆಂದು ಫೋನಿನ ಟಿಪ್ಪಣಿಯಲ್ಲಿ ಬಾಯಲ್ಲೇ ಹೇಳಿಟ್ಟರು. ಬೆಳಿಗ್ಗೆ 'ಒಳನೋಟ'ದಲ್ಲಿ, ಜಲಪಾತದ ಚಿತ್ರದ ಕೆಳಗೆ, ಅದು ಹೀಗೆ ಪ್ರಕಟವಾಗಿತ್ತು:

"ನಲ್ಲಿ ಸೋರುತ್ತಿದೆ. ಹೊರಗೆ ಫಳಫಳ ಹೊಳೆಯುತ್ತದೆ, ಒಳಗೆ ಸವೆದಿದೆ. ಎಷ್ಟು ತಿರುಗಿಸಿದರೂ ನಿಲ್ಲದು, ಇನ್ನೂ ತಿರುಗಿಸಿದರೆ ಮುರಿದೀತು. ಮನೆಯಲ್ಲಿ ಒಬ್ಬರಿದ್ದಾರೆ, ಆದರೆ ಪ್ರಯೋಜನವಿಲ್ಲ. ನೀವೇ ಬರಬೇಕು."

ಕನ್ನಡಕದವರು ಹಲ್ಲುಜ್ಜುತ್ತಾ ನೋಡಿದರು. ಬ್ರಷ್ಷು ಬಾಯಲ್ಲೇ ನಿಂತಿತು. ಅಳಿಸೋಣವೆಂದು ಹೋದರೆ ಕೆಳಗೆ ಪ್ರತಿಕ್ರಿಯೆಗಳು ಸಾಲುಗಟ್ಟಿದ್ದವು. "ದೇಹವೇ ನಲ್ಲಿ! ಕಣ್ಣು ತುಂಬಿಬಂತು." "ಮನೆಯಲ್ಲಿರುವ ಆ ನಿಷ್ಪ್ರಯೋಜಕ ನಮ್ಮ ಅಹಂಕಾರವೇ ಅಲ್ಲವೇ?" ಅಳಿಸುವ ಬೆರಳು ಮೆಲ್ಲಗೆ ಹಿಂದೆ ಸರಿಯಿತು.

ಮಧ್ಯಾಹ್ನ ಗ್ರಂಥಾಲಯದ ಓದುಗರ ಬಳಗದ ಕಾರ್ಯದರ್ಶಿಗಳೇ ಫೋನ್ ಮಾಡಿದರು. "ಸರ್, ಶನಿವಾರ ಬಂದು ಆ ಬರಹ ಓದಿ, ನಾಲ್ಕು ಮಾತಾಡ್ಬೇಕು." ನಿಜ ಹೇಳಿಬಿಡಬೇಕು ಎಂದು ಕನ್ನಡಕದವರು ಬಾಯಿ ತೆರೆದರು. ಬಂದ ಮಾತು, "ಖಂಡಿತ ಬರ್ತೀನಿ."

ಹೆಂಡತಿಗೆ ಭಾಷಣ ಇದೆ ಎಂದಷ್ಟೇ ಹೇಳಿದರು. ಆಕೆ ಖುಷಿಯಿಂದ ಅವರ ಬಿಳಿ ಶರಟಿಗೆ ಇಸ್ತ್ರಿ ಹಾಕಿದರು. "ಕೊನೆಗೂ ಯಾರೋ ಕರೆದ್ರಲ್ಲ! ನಾನೂ ಬರ್ತೀನಿ ಕಣ್ರೀ." ಇಸ್ತ್ರಿಯ ಬಿಸಿ ಶರಟಿಗಿಂತ ಅವರ ಎದೆಗೇ ಹೆಚ್ಚು ತಾಗಿತು.

ಶನಿವಾರ ಸಭೆ ತುಂಬಿತ್ತು. ಅವರು ಕಣ್ಣು ಅರೆಮುಚ್ಚಿ ಓದಿದರು. ಸಭೆಯ ಎರಡನೇ ಸಾಲಿನಲ್ಲಿದ್ದ ಟೀಚರ್ ಮೊದಲು ಕಿವಿ ನಿಮಿರಿಸಿದರು, ಆಮೇಲೆ ಹುಬ್ಬೇರಿಸಿದರು, ಕೊನೆಗೆ ಕೈಕಟ್ಟಿ ಕೂತರು. ಚಪ್ಪಾಳೆ ನಿಂತ ಮೇಲೆ ಹಿರಿಯರೊಬ್ಬರು ಎದ್ದರು. "'ನೀವೇ ಬರಬೇಕು' ಅಂತ ಕರೆದಿದ್ದೀರಲ್ಲ ಸ್ವಾಮಿ, ಆ 'ನೀವು' ಯಾರು?"

"ಅದು... ನಿರಾಕಾರವಾದ... ಎಲ್ಲ ಕಡೆ ಇರುವಂಥ..."

"ಪ್ಲಂಬರು," ಎಂದರು ಟೀಚರ್ ಶಾಂತವಾಗಿ. "ಎಲ್ಲ ಕಡೆ ಇರ್ತಾರೆ, ನಮ್ಮನೆಗೆ ಮಾತ್ರ ಬರಲ್ಲ. ಅದು ನಾನು ಅವರಿಗೆ ಹೇಳಿಟ್ಟ ಮೆಸೇಜು."

ಕನ್ನಡಕದವರು ಕನ್ನಡಕ ತೆಗೆದರು. ಎದುರಿನವರು ಮಸುಕಾಗಿ ಕಂಡರೆ ಅಷ್ಟೇ ಸಮಾಧಾನ. "ಹೌದು," ಎಂದರು. "ಬರೆದದ್ದು ಅವಳು. ಪ್ರಯೋಜನವಿಲ್ಲದವನು ನಾನು." ಆಗ ಎದ್ದ ನಗು ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಟೀಚರನ್ನೇ ವೇದಿಕೆಗೆ ಕರೆದರು. ಆಕೆ ಕುಕ್ಕರು, ಭಿನ್ನರಾಶಿ, ಸ್ಟಾಫ್ ರೂಮಿನ ಫ್ಯಾನು ಎಂದು ಮಾತಾಡುತ್ತಾ ಹೋದರೆ ಜನ ಏಳಲೇ ಇಲ್ಲ. ಬ್ಲಾಗನ್ನು ಇನ್ನು ಟೀಚರೇ ಬರೆಯಬೇಕೆಂದು ಬಳಗದ ಒತ್ತಾಯವಾಯಿತು.

ಮನೆಗೆ ಬಂದ ಮೇಲೆ ಟೀಚರ್, "ಆ ಪೆಟ್ಟಿಗೆಗಳನ್ನ ತೋರಿಸಿ," ಎಂದರು. ಲೆಕ್ಕ ತಿದ್ದುವವರಂತೆ ಗೆರೆ ಗೆರೆಯ ಮೇಲೂ ಬೆರಳಾಡಿಸಿದರು. "ಇಲ್ಲಿ ಮಾತು, ಇಲ್ಲಿ ಅಕ್ಷರ, ಇಲ್ಲಿ ಚಿತ್ರ, ಇಲ್ಲಿ ಇಮೇಲು. ಇದ್ರಲ್ಲಿ ನೀವೆಲ್ಲಿದ್ದೀರಿ?"

ಕನ್ನಡಕದವರು ಮೊದಲಿಂದ ಕೊನೆವರೆಗೆ ಹುಡುಕಿದರು. ಎಲ್ಲೂ ಇರಲಿಲ್ಲ. "ನಾನು ಜೋಡಿಸಿದವನು," ಎಂದರು ಸಣ್ಣ ದನಿಯಲ್ಲಿ.

"ಜೋಡಿಸಿ ಆಯ್ತಲ್ಲ." ಅವರ ಮುಖ ಬಾಡಿದ್ದು ಕಂಡು ಆಕೆಗೆ ಕನಿಕರವಾಯಿತು. ಖಾತೆ ಬೇರೆ ಮಾಡಿ, ಹೊಸ ಗೆರೆಯೊಂದನ್ನು ಎಳೆದರು. "ನೋಡಿ, ನಿಮ್ಮ ಫೋನಿಗೂ ಕೆಲಸ ಕೊಟ್ಟಿದ್ದೀನಿ. ನೀವು ಮಾತಾಡಿದ್ದು ನೇರವಾಗಿ ದಿನಸಿ ಅಂಗಡಿಗೆ ಹೋಗತ್ತೆ. ಮನೆಗೇನು ಬೇಕೋ ಅದನ್ನ ಹೇಳಿ." ತಮಗೂ ಒಂದು ಪೆಟ್ಟಿಗೆ ಸಿಕ್ಕಿತೆಂಬ ಸಂತೋಷದಲ್ಲಿ ಕನ್ನಡಕದವರು ಉಳಿದದ್ದನ್ನು ಅರ್ಧಂಬರ್ಧ ಕೇಳಿಸಿಕೊಂಡರು.

ಮರುದಿನ ತಾರಸಿಯ ಮೇಲೆ ಬಟ್ಟೆ ಒಣಗಹಾಕುತ್ತಿದ್ದಾಗ ಅವರಿಗೆ ಘನವಾದ ವಿಚಾರವೊಂದು ಹೊಳೆಯಿತು. ಅಭ್ಯಾಸಬಲದಿಂದ ಫೋನ್ ತೆಗೆದು, ಆಕಾಶ ನೋಡುತ್ತಾ ಗಂಭೀರವಾಗಿ ನುಡಿದರು. ಎರಡು ಅಂಗಿ ಹಾಕುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ದಿನಸಿ ಅಂಗಡಿಯವರು.

"ಸರ್, ಅನಂತ ಶೂನ್ಯ ಅಂತ ಕೇಳಿದ್ದೀರಿ. ಅದು ನಮ್ಮಲ್ಲಿ ಸ್ಟಾಕ್ ಇಲ್ಲ. ಬೇರೆ ಕಂಪನೀದು ನಡೆಯತ್ತಾ?"