ಕಾಶೀರಾಮ ಒಪ್ಪಿಕೊಂಡ ಕಳ್ಳತನ

ಆ ಶುಕ್ರವಾರ ಬೀದರಿನ ಕಚೇರಿಯ ನೀರಿನ ಟಾಕಿ ಹನ್ನೊಂದು ಗಂಟೆಗೇ ಖಾಲಿಯಾಯಿತು. ಟ್ಯಾಂಕರು ಬರುವುದು ಇನ್ನು ಸೋಮವಾರಕ್ಕೆ. ಮಳೆ ಕೈಕೊಟ್ಟು ಅದು ಎರಡನೆಯ ವರ್ಷ. ಔರಾದ ಕಡೆಯ ಅರ್ಧ ಜನ ದುಡಿಯಲು ಪುಣೆ, ಹೈದರಾಬಾದ ಸೇರಿದ್ದರು. ಉಳಿದವರು ತಮ್ಮ ಕೊಡದ ಮೇಲೊಂದು ಕಣ್ಣು, ಪಕ್ಕದವರ ಕೊಡದ ಮೇಲೊಂದು ಕಣ್ಣು ಇಟ್ಟು ದಿನ ದೂಡುತ್ತಿದ್ದರು.

ಕಚೇರಿಯಲ್ಲಿ ನೀರಿದ್ದ ಜಾಗ ಒಂದೇ ಉಳಿಯಿತು, ಹಿಂದಿನ ವರಾಂಡದ ಕೊನೆಯ ಅಂಗವಿಕಲರ ಸಂಡಾಸ. ಅದಕ್ಕೆ ಬೇರೆಯೇ ಸಣ್ಣ ಟಾಕಿ. ಗಾಲಿಕುರ್ಚಿಯವರು ತಿಂಗಳಿಗೊಬ್ಬರು ಬಂದರೆ ಹೆಚ್ಚು, ಹಾಗಾಗಿ ಸದಾ ಬೀಗ. ಆದರೆ ಟಾಕಿ ಹತ್ತಿ ನೋಡಿದಾಗ ಅಲ್ಲೂ ನೀರು ಅರ್ಧಕ್ಕಿಳಿದಿತ್ತು. ಗುಮಾಸ್ತ ಕಾಶೀರಾಮ ದಿನಕ್ಕೆ ಮೂರು ಸಲ ಆ ಕೀಲಿ ಒಯ್ಯುವುದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು.

ಕಾಶೀರಾಮನ ಸಂಕಟ ಬೇರೆ. ಹಿಂದಿನ ವರ್ಷ ಆಪರೇಶನ್ ಆದಮೇಲೆ ಉಚ್ಚೆ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ಕೆಮ್ಮಿದರೆ ಬಂತು, ನಕ್ಕರೆ ಬಂತು. ಡಾಕ್ಟರು ದೊಡ್ಡವರ ಡೈಪರ್ ಬರೆದುಕೊಟ್ಟರು. ಅದನ್ನು ಬದಲಿಸಬೇಕೆಂದರೆ ಪ್ಯಾಂಟು ಬಿಚ್ಚುವಷ್ಟು ಜಾಗ, ಹಿಡಿದು ನಿಲ್ಲಲು ಕಂಬಿ, ಚೀಲಕ್ಕೊಂದು ಮೊಳೆ, ತೊಳೆಯಲು ನೀರು ಬೇಕು. ದಿನಾ ಭಾಲ್ಕಿಯಿಂದ ಬಂದುಹೋಗುವ ದಾರಿಯಲ್ಲಿ ಅವನು ಹುಡುಕದ ಜಾಗವಿಲ್ಲ. ಒಂದಕ್ಕೆ ಚಿಲಕವಿಲ್ಲ, ಇನ್ನೊಂದಕ್ಕೆ ಬಾಗಿಲೇ ಇಲ್ಲ, ಎರಡೂ ಇದ್ದ ಮೂರನೆಯದರೊಳಗೆ ಯಾರೋ ಆಡು ಕಟ್ಟಿದ್ದರು. ಎಲ್ಲ ಇದ್ದದ್ದು ಇಲ್ಲಿ ಮಾತ್ರ. ಒದ್ದೆಯಾದದ್ದನ್ನು ಪೇಪರಿನಲ್ಲಿ ಸುತ್ತಿ ಚೀಲದಲ್ಲೇ ಊರಿಗೆ ಒಯ್ಯುತ್ತಿದ್ದ. ಈ ಗುಟ್ಟು ಹೆಂಡತಿ ಚಂದ್ರಭಾಗಾಳ ಹೊರತು ಯಾರಿಗೂ ಗೊತ್ತಿರಲಿಲ್ಲ. ಕಚೇರಿಗೆ ಗೊತ್ತಾದರೆ ಒಂದು ಅಡ್ಡಹೆಸರು ಬೀಳುತ್ತದೆ, ಅದು ಪಿಂಚಣಿಯ ನಂತರವೂ ಬಿಡುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

ಹನ್ನೊಂದೂವರೆಗೆ ಅವನು ಸಂಡಾಸದಿಂದ ಹೊರಗೆ ಬಂದಾಗ ಟಪಾಲು ವಿಭಾಗದ ಶಾಲುಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪಕ್ಕದಲ್ಲಿ ಜವಾನ ಉಸ್ಮಾನ ಮಿಯಾ, ಹಿಂದೆ ಅರ್ಧ ಕಚೇರಿ.

"ಕಾಕಾ, ನಿಮ್ಮ ಕಾಲು ನೆಟ್ಟಗ ಅವ. ಮೊನ್ನಿ ಭಾಲ್ಕಿ ಬಸ್ಸಿಗಿ ಓಡಿದ್ದು ನಾನೇ ನೋಡೀನಿ. ಅಂಗವಿಕಲರ ಸಂಡಾಸದಾಗ ನಿಮ್ದೇನು ಕೆಲಸ್ರಿ?"

"ಮೊಣಕಾಲು ನೋವ ಅದ, ಬಾಯಿ."

"ಮೊಣಕಾಲು ನೋವಿಗಿ ಚೀಲ ಯಾಕ?"

ಉಸ್ಮಾನ ಮಿಯಾ ಚೀಲದ ಅಡಿಗೆ ಕೈಯೊಡ್ಡಿ, ಕಲ್ಲಂಗಡಿ ತೂಗುವವನಂತೆ ಮೇಲೆತ್ತಿ ನೋಡಿದ. "ಒಳಗ ಹೋಗುವಾಗ ಹೂವಿನಂಗ ಇತ್ರಿ. ಈಗ ನೋಡ್ರಿ ವಜನು. ಮ್ಯಾಲ ತ್ಯಾವಾನೂ ಅದ."

"ಮತ್ತೇನು? ನಮ್ಮ ನೀರು ಇವರ ಮನಿಗಿ ಹೊಂಟದ," ಎಂದಳು ಶಾಲುಬಾಯಿ. "ತೆರೀರಿ ಚೀಲ."

ಕಾಶೀರಾಮ ಚೀಲವನ್ನು ಕದ್ದ ಕೋಳಿಯಂತೆ ಕಂಕುಳಲ್ಲಿ ಅವುಚಿಕೊಂಡ. ನೋಡುವವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಸಾಹೇಬರು ಬರ ನೋಡಲು ಔರಾದಕ್ಕೆ ಹೋಗಿದ್ದರು. ವಿಚಾರಣೆ ಹೆಡ್ ಕ್ಲರ್ಕ್ ರಶೀದ ಅಹ್ಮದರ ಮೇಜಿಗೆ ಬಂತು. ಅವರು ಮೊದಲು ಹೇಳಿದ್ದು, "ಚೀಲ ಬಿಡ್ರಿ ಶಾಲುಬಾಯಿ. ಅವರೇ ಬಾಯಿಲೆ ಹೇಳ್ಲಿ." ಆಮೇಲೆ ದನಿ ತಗ್ಗಿಸಿದರು. "ಕಾಶೀರಾಮ, ಮೈಯಾಗಿಂದು ಏನಾರ ತಕಲೀಫ ಇದ್ರ ಹೇಳ್ರಿ. ನಾಚಬ್ಯಾಡ್ರಿ. ನಾ ತಿಳ್ಕೋತೀನಿ."

ಕಾಶೀರಾಮನಿಗೆ ಗುಮಾನಿ ಬಂತು. ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಇಷ್ಟು ಮೆತ್ತಗೆ ಮಾತಾಡಿದ್ದಿಲ್ಲ. ರಜೆ ಅರ್ಜಿಗೂ ಗುರ್ ಎನ್ನುವವರು. ಇದು ಬಲೆಯೇ ಸರಿ. ಸುತ್ತ ಅಷ್ಟು ಕಿವಿಗಳು ಬೇರೆ ನಿಗುರಿದ್ದವು.

"ತಕಲೀಫ ಇಲ್ರಿ," ಎಂದ. "ನೀರೇ ಒಯ್ತೀನಿ. ಊರಾಗ ನಳ ಎಂಟು ದಿನಕ್ಕೊಮ್ಮಿ ಬರ್ತದ."

ರಶೀದ ಅಹ್ಮದರ ಮುಖ ಇಳಿಯಿತು. ಸಿಟ್ಟು ಬಂತೆಂದು ಕಾಶೀರಾಮ ತಿಳಿದ.

ಆದರೆ ಯಾರೂ ಬೈಯಲಿಲ್ಲ. ಶಾಲುಬಾಯಿ ಮೆತ್ತಗಾಗಿ, "ಒಪ್ಕೊಂಡ್ರಲ್ಲ, ಆಯ್ತು ಬಿಡ್ರಿ. ಎಲ್ರ ಮನ್ಯಾಗೂ ಇದೇ ಹಾಡು. ಖರೆ ಒಬ್ರಿಗೇ ಯಾಕ? ಎಲ್ರಿಗೂ ಒಂದೊಂದು ಡಬ್ಬಿ ಕೊಡ್ರಿ," ಎಂದಳು. ಹೆಡ್ ಕ್ಲರ್ಕ್ ಬೇಸರದಿಂದ ಆಗಲೆಂದು ಕೈಯಾಡಿಸಿದರು. ಉಸ್ಮಾನ ಮಿಯಾ ಸಂಡಾಸದ ಬೀಗ ತೆಗೆದು ಜೇಬಿಗೆ ಹಾಕಿಕೊಂಡು, ಬಾಗಿಲು ಮುಚ್ಚದಂತೆ ಇಟ್ಟಂಗಿ ಇಟ್ಟ.

ಊಟದ ಹೊತ್ತಿಗೆ ವರಾಂಡದ ತುಂಬ ಡಬ್ಬಿ ಹಿಡಿದು ನಿಂತವರ ಪಾಳಿ. ಪಕ್ಕದ ಕಚೇರಿಯವರೂ ಡಬ್ಬಿ ತಂದರು. ಕಾಶೀರಾಮನ ಕೈಗೂ ಯಾರೋ ಕನಿಕರದಿಂದ ಒಂದನ್ನು ತುರುಕಿ ಪಾಳಿಗೆ ನಿಲ್ಲಿಸಿದರು. ಹನ್ನೊಂದೂವರೆಗೆ ಹಾಕಿಕೊಂಡ ಡೈಪರ್ ಎರಡು ಗಂಟೆಗೆ ಮಳೆಗೆ ಸಿಕ್ಕ ಗಾದಿಯಂತಾಗಿತ್ತು. ಬದಲಿಸಬೇಕಾದ ಜಾಗದಲ್ಲಿ ಬಾಗಿಲು ಹಾರುಹೊಡೆದು ಮೂವರು ನೀರು ತುಂಬುತ್ತಿದ್ದರು.

ಹಿಂದೆ ಯಾರೋ ಬಂದು ನಿಂತರು. ರಶೀದ ಅಹ್ಮದ.

"ಖರೇನೇ ನೀರು ಒಯ್ತಿದ್ರೇನು?" ಕಿವಿಯ ಹತ್ತಿರ ಕೇಳಿದರು.

"ಯಾಕ್ರಿ?"

"ನಂಗ ಬ್ಯಾರೇನೇ ಶಂಕಾ ಇತ್ತು. ಆಪರೇಶನ್ ಆದಾಗಿಂದ ನಂಗ ಉಚ್ಚಿ ತಡಿಯಂಗಿಲ್ಲ, ಡೈಪರ್ ಹಾಕ್ತೀನಿ. ನಿಮ್ಮ ಚೀಲ ನೋಡಿ, ಇವರೂ ನನ್ನಂಗೇ ಅಂತ ಮೂರು ತಿಂಗಳಿಂದ ಕಾಯ್ಲತ್ತಿದ್ದೆ. ಇವತ್ತ ನೀವು ಬಾಯಿ ಬಿಟ್ಟಿದ್ರ ನಾನೂ ಕೀಲಿ ಕೇಳ್ತಿದ್ದೆ."

ಕಾಶೀರಾಮ ಅವರ ಕಿವಿಯತ್ತ ಬಾಗಿದ. "ರಶೀದ ಸಾಹೇಬ್ರ, ನಂದೂ ಅದೇ ಅದರಿ. ನೀರಿಂದು ಸುಳ್ಳು."

ರಶೀದ ಅಹ್ಮದರು ಅವನ ಕೈಯಲ್ಲಿದ್ದ ಡಬ್ಬಿ ನೋಡಿದರು, ಮುಖ ನೋಡಿದರು. ಕಾಶೀರಾಮನ ಬಳಿ ತೋರಿಸಲು ಸಾಕ್ಷಿ ಇತ್ತು. ಅಷ್ಟು ಜನರ ನಡುವೆ ತೋರಿಸುವಂಥದ್ದಲ್ಲ.

"ಬಿಡ್ರಿ," ಎಂದು ಅವರು ಅವನ ಭುಜ ತಟ್ಟಿದರು. "ನನ್ನ ಸಮಾಧಾನಕ್ಕ ಹೇಳ್ಲತ್ತೀರಿ. ಕಳ್ಳರಾದ್ರೂ ದಿಲ್ ಛಲೋ ಅದ ನಿಮ್ದು."

ಪಾಳಿ ಮುಂದೆ ಸರಿಯಿತು. ಇಬ್ಬರೂ ತೊಡೆ ಬಿಗಿಹಿಡಿದು ಒಂದೊಂದು ಹೆಜ್ಜೆ ಇಟ್ಟರು.