ಐವತ್ತೆಂಟರ ಸರ್ಟಿಫಿಕೇಟು

ಎಲ್ಲ ರಗಳೆಗೂ ಮೂಲ ಒಂದು ವೀಳ್ಯದೆಲೆ. ನಲವತ್ತು ಮನೆಯ ಆ ಊರಿನಲ್ಲಿ ಯಾವ ಸಮಾರಂಭವಾದರೂ ಮೊದಲ ವೀಳ್ಯ ಊರಿಗೆಲ್ಲ ಹಿರಿಯರಾದವರಿಗೆ ಸಲ್ಲಬೇಕು. ಎಂಬತ್ತನಾಲ್ಕರ ಕುರಿಗಾಹಿ ಕ್ಯಾತಣ್ಣ ಹನ್ನೊಂದು ವರ್ಷದಿಂದ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಒಂದು ದಿನ ನೆಗಡಿ ಅಂದವನೂ ಅಲ್ಲ. ದಿನಸಿ ಅಂಗಡಿಯ ನಂದೀಶ್ವರಯ್ಯನವರಿಗೆ ಎಪ್ಪತ್ತಾರು. ಅಷ್ಟೂ ವರ್ಷ ಎರಡನೆಯ ವೀಳ್ಯ ಜಗಿದು ಜಗಿದು ಅವರಿಗೆ ಸಾಕಾಗಿತ್ತು.

“ಅವನಿಗಿಂತ ಒಂದಿನನಾದ್ರೂ ಜಾಸ್ತಿ ಬದುಕ್ತೀನಿ. ಮೊದಲ್ನೇ ವೀಳ್ಯ ತಗೊಂಡೇ ಸಾಯೋದು!” ಎಂದು ಹಟ ತೊಟ್ಟು, ಬರಗೂರಿನಲ್ಲಿ ಬಸ್ಸು ಹತ್ತಿ ಶಿರಾದ ಹೊಸ ಕ್ಲಿನಿಕ್ಕಿಗೆ ಹೋದರು. ಅಲ್ಲಿ ಮುಪ್ಪು ತಡೆಯುವ ಪೆಪ್ಟೈಡ್ ಇಂಜೆಕ್ಷನ್ ಕೊಡುತ್ತಿದ್ದರು. ಇದಿನ್ನೂ ಪ್ರಯೋಗದಲ್ಲಿರುವ ಔಷಧ ಎಂದು ಕಾಗದದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು. ಕನ್ನಡಕ ಮನೆಯಲ್ಲೇ ಮರೆತಿದ್ದ ಅಯ್ಯನವರು ಧೈರ್ಯವಾಗಿ ಸಹಿ ಹಾಕಿದರು.

ಮೂರು ತಿಂಗಳು ದಿನವೂ ಹೊಟ್ಟೆಗೆ ಚುಚ್ಚಿಕೊಂಡದ್ದಾಯಿತು. ಔಷಧದ ಸೀಸೆಗಳು ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಕೂತಿದ್ದವು. “ನಿಮ್ಮ ಹೊಟ್ಟೆ ಏನು ಗೋಣಿಚೀಲವೇ, ದಬ್ಬಳ ಹಾಕೋಕೆ? ಅದೆಲ್ಲ ಬರೀ ಬೊಗಳೆ,” ಎಂದು ಎಪ್ಪತ್ತಮೂರರ ಹೆಂಡತಿ ಚನ್ನಮಲ್ಲಮ್ಮ ಹೇಳಿ ಹೇಳಿ ಸೋತರು.

ಕೊನೆಗೂ ಸರ್ಟಿಫಿಕೇಟು ಬಂತು: ‘ದೇಹದ ವಯಸ್ಸು: 58’. ಮಾರನೆಯ ದಿನವೇ ಹೆಂಗಸರ ಹಾಲಿನ ಡೈರಿಯ ಹೊಸ ಕಟ್ಟಡದ ಪೂಜೆ. ಬೆಳಗಾಗುತ್ತಲೇ ಅಯ್ಯನವರು ಅದನ್ನು ಡೈರಿಯ ಗೋಡೆಗೆ ಅಂಟಿಸಿ, “ನೋಡ್ರೋ! ಹೊರಗಡೆ ಎಪ್ಪತ್ತಾರು, ಒಳಗಡೆ ಐವತ್ತೆಂಟು!” ಎಂದು ಮೀಸೆ ತಿರುವಿದರು.

“ಅಂಗಾದ್ರೆ ಈ ಕ್ಯಾನು ಎತ್ತಿ, ನೋಡಾನ,” ಎಂದ ಡೈರಿಯ ಲೆಕ್ಕ ಬರೆಯುವ ಶಿವರಾಜು.

ಹಾಲು ತುಂಬಿದ ಕ್ಯಾನನ್ನು ಅಯ್ಯನವರು ಎತ್ತಿಯೇಬಿಟ್ಟರು. ಲಟಕ್ ಎಂದಿತು.

“ಅಯ್ಯಾ, ಸೊಂಟ...”

“ಅದು ಕ್ಯಾನಿನ ಮುಚ್ಚಳದ ಸದ್ದು ಕಣ್ಲಾ!” ಎಂದು ಗುಡುಗಿದರು. ಆಮೇಲೆ ನೆಟ್ಟಗೆ ನಿಲ್ಲಲು ಆಗದಿದ್ದರೂ ಗೋಡೆ ಹಿಡಿದು ನಗುತ್ತಲೇ ಇದ್ದರು.

ಪೂಜೆ ಮುಗಿಯಿತು. ಡೈರಿಯ ಅಧ್ಯಕ್ಷೆ ಭೀಮಕ್ಕ ವೀಳ್ಯದ ತಟ್ಟೆ ತಂದಳು. ಕ್ಯಾತಣ್ಣ ಕೂತಲ್ಲಿಂದಲೇ ಕೈ ಮುಗಿದ.

“ನನ್ ಕೈಲಾಗಲ್ಲ ಕಣವ್ವ. ಎದ್ದೂ ಕೂತೂ ಮಂಡಿ ಸವೆದೋದ್ವು. ಇವತ್ತಿಂದ ಅಯ್ನೋರಿಗೇ ಕೊಟ್ಬುಡು.”

ನಂದೀಶ್ವರಯ್ಯನವರ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷದ ಆಸೆ! ಕೈ ಚಾಚಿದರು. ಭೀಮಕ್ಕ ತಟ್ಟೆ ಹಿಂದಕ್ಕೆಳೆದುಕೊಂಡಳು.

“ತಾಳಿ ಅಯ್ಯಾ. ನಿಮಗೀಗ ಐವತ್ತೆಂಟಲ್ವಾ?”

“ಅದು ಬರೀ ದೇಹದ ವಯಸ್ಸು ಕಣಮ್ಮ.”

“ವೀಳ್ಯ ಜಗಿಯೋದೂ ದೇಹವೇ ಅಲ್ವಾ?” ಎಂದ ಶಿವರಾಜು.

ಜನ ಗೊಳ್ಳೆಂದರು. ಭೀಮಕ್ಕ ಮೆತ್ತಗೆ ಹೇಳಿದಳು: “ಸರ್ಟಿಫಿಕೇಟು ಸುಳ್ಳು ಅಂದ್ಬುಡಿ ಅಯ್ಯಾ. ಈಗ್ಲೇ ವೀಳ್ಯ ನಿಮ್ದು.”

ಅಯ್ಯನವರು ತಟ್ಟೆಯ ಎಲೆ ನೋಡಿದರು. ಗೋಡೆಯ ಸರ್ಟಿಫಿಕೇಟು ನೋಡಿದರು. ಕೊನೆಗೆ ಹೆಂಡತಿಯನ್ನು ನೋಡಿದರು. ಚನ್ನಮಲ್ಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಷ್ಟೇ ಸಾಕಾಯಿತು.

“ಸುಳ್ಳಲ್ಲ! ಐವತ್ತೆಂಟು ಅಂದ್ರೆ ಐವತ್ತೆಂಟೇ! ಯಾರಿಗ್ ಬೇಕು ನಿಮ್ಮ ವೀಳ್ಯ!”

“ಅಂಗಾದ್ರೆ ಇವರನ್ನ ಬಿಟ್ರೆ ದೊಡ್ಡೋರು ಯಾರ್ಲಾ?” ಎಂದು ಭೀಮಕ್ಕ ಕೇಳಿದಳು.

ಶಿವರಾಜು ಬೆರಳು ಮಡಿಸಿ ಎಣಿಸಿದ. “ಚನ್ನಮಲ್ಲಮ್ಮನೋರು.”

ಚನ್ನಮಲ್ಲಮ್ಮ ಬಂದು ವೀಳ್ಯ ತೆಗೆದುಕೊಂಡು, ನಿಧಾನವಾಗಿ ಸುಣ್ಣ ಹಚ್ಚಿ, ಬಾಯಿಗಿಟ್ಟುಕೊಂಡರು.

ಊಟದ ಹೊತ್ತಾಯಿತು. ಅರವತ್ತು ದಾಟಿದವರಿಗೆ ಮೊದಲ ಪಂಕ್ತಿ, ಉಳಿದವರು ಬಡಿಸಬೇಕು. ಅದು ಊರಿನ ಕಟ್ಟಳೆ. ಶಿವರಾಜು ಬಂದು ಸಾರಿನ ಬಕೆಟ್ಟನ್ನು ನಂದೀಶ್ವರಯ್ಯನವರ ಕೈಗಿಟ್ಟ. ಅವರು ಬೇಡವೆನ್ನಲಿಲ್ಲ. ಬಗ್ಗಿದ ಸೊಂಟ ನೆಟ್ಟಗಾಗದೆ, ತಲೆ ಮಾತ್ರ ಎತ್ತಿಕೊಂಡು, ಹೆಂಡತಿಯ ಎಲೆಗೆ ಸಾರು ಸುರಿದು ಬಿರಬಿರನೆ ಮುಂದಕ್ಕೆ ಹೊರಟರು.

ಪಕ್ಕದ ಎಲೆಯಿಂದ ಕ್ಯಾತಣ್ಣ ಕೂಗಿದ:

“ಲೇ ಹುಡ್ಗಾ, ಈ ಕಡೀಕೂ ವಸಿ ಸಾರು ಬುಡ್ಲಾ!”